ಮುಂದಿನ ಸೀಟಿಗೆ ಬೇಕಾದ ಅಂಕ

ಮನುಷ್ಯರನ್ನು ಯಾರು ಯಾವುದರಿಂದ ಅಳೆಯುತ್ತಾರೋ ಹೇಳಲಾಗದು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನ್ನನ್ನು ಕೈಬರಹದಿಂದ ಅಳೆದರು. ಮದುವೆಯಾದ ಮೇಲೆ ಅತ್ತೆ ಮುದ್ದೆಯ ಗಂಟಿನಿಂದ ಅಳೆದರು. ಈ ವಯಸ್ಸಿನಲ್ಲಿ ವಾಂತಿಯಿಂದ ಅಳೆಯುತ್ತಾರೆಂದು ಮಾತ್ರ ಎಣಿಸಿರಲಿಲ್ಲ.

ಅಳೆದವಳು ಫಿಸಿಯೋಥೆರಪಿ ಓದುತ್ತಿರುವ ಮೊಮ್ಮಗಳು ನಿಶಾ. ಬಂಗಾರಪೇಟೆಯ ನೆಂಟರ ಗೃಹಪ್ರವೇಶಕ್ಕೆ ಹೊರಡುವ ಹಿಂದಿನ ಸಂಜೆ, ಉರಿಗಾಂನ ನಮ್ಮ ಮನೆಯಲ್ಲಿ ನನ್ನನ್ನೂ ಕ್ಯಾಸಂಬಳ್ಳಿಯಿಂದ ಬಂದಿದ್ದ ನಾದಿನಿ ಸರಸಮ್ಮನನ್ನೂ ಕೂರಿಸಿಕೊಂಡು, ಮೋಷನ್ ಸಿಕ್‌ನೆಸ್ ಯಾರಿಗೆಷ್ಟು ಎಂದು ಪರೀಕ್ಷೆ ಶುರುಮಾಡಿದಳು.

"ಬಸ್ಸಿನಲ್ಲಿ ಹೊಟ್ಟೆ ತೊಳಸುತ್ತಾ ಅಜ್ಜಿ?"

"ನೆವರ್."

"ಕಾರಿನಲ್ಲಿ?"

"ನೆವರ್, ಮೈ ಡಿಯರ್."

ಹೊಟ್ಟೆಯ ವಿಚಾರವನ್ನು ನಾಲ್ಕು ಜನರೆದುರು ಆಡುವುದು ಬ್ಯಾಡ್ ಮ್ಯಾನರ್ಸ್ ಎಂದು ಕಲಿತವಳು ನಾನು. ಆದರೂ ಹೇಳಿದ್ದು ಸುಳ್ಳಲ್ಲ. ಸರಸಮ್ಮನಿಗೆ ಅಂಥ ಸಂಕೋಚವಿಲ್ಲ. "ಬಸ್ಸು ನಿಂತಿದ್ರೂ ಬತ್ತದಮ್ಮಿ. ಡೀಸೆಲ್ ವಾಸ್ನೆ ಸಾಕು."

ಅವಳಿಗೆ ಪೂರಾ ಅಂಕ, ನನಗೆ ಸೊನ್ನೆ. ಆರೋಗ್ಯದಲ್ಲಿ ಸೊನ್ನೆಯೇ ಫಸ್ಟ್ ಕ್ಲಾಸ್ ಎಂದು ಬೀಗುತ್ತಿದ್ದೆ. ಕಾರು ಓಡಿಸುವ ಮಗ ಅಷ್ಟರಲ್ಲಿ, "ಹಾಗಾದ್ರೆ ನಾಳೆ ಸರಸತ್ತೆ ಮುಂದೆ ಕೂತ್ಕೊಳ್ಳಲಿ, ಅಲ್ಲಿ ತೊಳಸೋದು ಕಡಿಮೆ" ಎಂದ.

ಆ ಸೀಟು ನನ್ನದು. ಕೆಲಸ ಮಾಡುತ್ತಿದ್ದ ಚಿನ್ನದ ಗಣಿ ಮುಚ್ಚಿದ ಮೇಲೆ ನನ್ನ ಯಜಮಾನರು ಕೊಂಡ ಕಾರು ಅದು. ಅವರು ಓಡಿಸುವಾಗ ಪಕ್ಕದಲ್ಲಿ ಕಿತ್ತಳೆ ಸುಲಿದು ತೊಳೆ ತೊಳೆಯಾಗಿ ಕೊಡುತ್ತಿದ್ದೆ. ಅವರು ಹೋದ ಮೇಲೂ ಅಲ್ಲೇ ಕೂರುತ್ತೇನೆ. ಬಲಕ್ಕೆ ತಿರುಗಿ ನೋಡದಿದ್ದರೆ, ಓಡಿಸುತ್ತಿರುವುದು ಅವರೇ.

ಇದನ್ನೆಲ್ಲ ಹೇಳಲಾಗುತ್ತದೆಯೇ? ಸರಸಮ್ಮನೇ, "ಬ್ಯಾಡಪ್ಪ, ಅತ್ತಿಗೆ ಕೂತ್ಕಳ್ಲಿ. ನಾನು ಇಂದ್ಗಡೆ ಸೀಟಲ್ಲೇ ಕವರ್ ಇಡ್ಕೊಂಡು ಕೂತ್ಕತೀನಿ" ಎಂದಳು.

"ನೋ ನೋ, ರೂಲ್ ಈಸ್ ರೂಲ್" ಎಂದೆ ಗಂಭೀರವಾಗಿ, ಇನ್ನೊಮ್ಮೆ ಬೇಡವೆನ್ನಲಿ ಎಂಬ ಆಸೆಯಿಂದ.

"ಅಂಗಾದ್ರೆ ಸರಿ" ಎಂದುಬಿಟ್ಟಳು.

ಮರುದಿನ ಹಿಂದಿನ ಸೀಟಿನಿಂದ ಕಂಡದ್ದು ಸರಸಮ್ಮನ ತುರುಬು ಮಾತ್ರ. ಗಣಿಯ ಕಸದ ಸಯನೈಡ್ ದಿಬ್ಬಗಳು ಕಿಟಕಿಯಲ್ಲಿ ಓರೆಯಾಗಿ ಜಾರಿದವು. ಒಂದೊಂದು ರೋಡ್ ಹಂಪ್‌ಗೂ ಹೊಟ್ಟೆಯೊಳಗಿನ ಇಡ್ಲಿ ಎದ್ದು ಕೂರತೊಡಗಿತು. ಬಂಗಾರಪೇಟೆ ಇನ್ನೇನು ಬಂತು ಎನ್ನುವಾಗ ಸರಸಮ್ಮನ ಕವರ್ ನನ್ನ ಕೈಯಲ್ಲಿತ್ತು.

"ನೆವರ್ ಅಂದಿದ್ರಲ್ಲ ಅಜ್ಜಿ" ಎಂದಳು ನಿಶಾ, ಬೆನ್ನು ನೀವುತ್ತ.

ಆಗ ಹೊಳೆಯಿತು. ಬಸ್ಸು ನಿಲ್ಲುವ ಮೊದಲೇ ಓಡಿಹೋಗಿ, ಕಿಟಕಿಯಿಂದ ಟವೆಲ್ ಎಸೆದು ನನಗೆಂದು ಮುಂದಿನ ಸೀಟು ಹಿಡಿಯುತ್ತಿದ್ದರು ನನ್ನ ಯಜಮಾನರು. ಕಾರಿನಲ್ಲಂತೂ ಪಕ್ಕದಲ್ಲೇ. ಹಿಂದೆ ಕೂತದ್ದೇ ಇಲ್ಲದವಳಿಗೆ ತನ್ನ ಹೊಟ್ಟೆಯ ವಿಷಯ ಏನು ಗೊತ್ತು? ಆ ಸೊನ್ನೆ ನನ್ನದಲ್ಲ, ಅವರು ಸಂಪಾದಿಸಿ ಕೊಟ್ಟದ್ದು.

ಊಟವಾದ ಮೇಲೆ ನಿಶಾ ಮರುಪರೀಕ್ಷೆ ಮಾಡಿ ನನಗೂ ಒಳ್ಳೆಯ ಅಂಕ ಕೊಟ್ಟಳು. ಧೈರ್ಯದಿಂದ ಕಾರಿನ ಮುಂದಿನ ಬಾಗಿಲು ತೆಗೆದೆ. ಸೀಟಿನ ಮೇಲೆ ಸರಸಮ್ಮನ ಟವೆಲ್ ಬಿದ್ದಿತ್ತು. ಎಷ್ಟಾದರೂ ಅವರ ತಂಗಿ.