ಹೊಟ್ಟೆಗೆ ಕಟ್ಟಿದ ಮುಚ್ಚಳ

"ಇವತ್ತು ಸಂಜೆಯೊಳಗೆ ನನ್ನ ಹೆಂಡತಿ ಬಾಯಿಂದ 'ತುಕ್ಕು ಚೆನ್ನಾಗಿದೆ' ಅಂತ ಅನ್ನಿಸದೇ ಹೋದರೆ ನನ್ನ ಹೆಸರು ಸ್ಪ್ಯಾನರ್ ಅಲ್ಲ!"

ಬಸ್ ಡಿಪೋದಲ್ಲಿ, ಕೆಟ್ಟು ನಿಂತ ಬಸ್ಸಿನ ಅಡಿ ಅಂಗಾತ ಮಲಗಿಕೊಂಡೇ ಮೆಕ್ಯಾನಿಕ್ಕು ಈ ಭೀಷಣ ಪ್ರತಿಜ್ಞೆ ಮಾಡಿದ. ಮೂಗಿನ ಮೇಲೆ ಆಯಿಲ್ ತೊಟ್ಟಿಕ್ಕುತ್ತಿತ್ತು. ಹೇಗೂ ಅವನ ಹೆಸರು ಸ್ಪ್ಯಾನರ್ ಅಲ್ಲ, ಅದು ಡಿಪೋದವರು ಇಟ್ಟ ಅಡ್ಡಹೆಸರು. ಹಾಗಾಗಿ ಸೋತರೂ ನಷ್ಟವಿಲ್ಲದಂಥ ಶಪಥ!

'ತುಕ್ಕು' ಅಂದರೆ ಒಂದು ರಾಕ್ ಬ್ಯಾಂಡು. ಬೀಗ ಜಡಿದ ಮಿಲ್ಲಿನ ಮುಂದೆ ಕಾರ್ಮಿಕರು ಧರಣಿ ಕೂತಾಗ ಹುಟ್ಟಿದ್ದು. ಒಂದು ಸಂಜೆ 'ಗೇಟು ತೆಗಿ' ಹಾಡು ಕಾವೇರುತ್ತಿದ್ದ ಹಾಗೇ ಮಾಲೀಕರು ಕರೆಂಟ್ ತೆಗೆಸಿದರು. ಗಿಟಾರು ಸತ್ತಿತು, ಮೈಕು ಸತ್ತಿತು, ಜನ ಸಾಯಲಿಲ್ಲ. ಊಟದ ಡಬ್ಬಿಯ ಮುಚ್ಚಳ ಬಡಿದುಕೊಂಡೇ ಹಾಡನ್ನು ದಡ ಮುಟ್ಟಿಸಿದರು. ಅಂದಿನಿಂದ ಅದೊಂದು ನೇಮವಾಯಿತು. ಆ ಹಾಡು ಬಂದಾಗ ಬ್ಯಾಂಡಿನವರೇ ಕರೆಂಟ್ ತೆಗೆಯುತ್ತಾರೆ, ಜನ ಮುಚ್ಚಳ ಬಡಿಯುತ್ತಾರೆ. ಆಮೇಲೆ ಹಾಡುಗಾರನಿಗೂ ಡ್ರಮ್ಮಿನವನಿಗೂ ಜಗಳ ಹತ್ತಿ ಬ್ಯಾಂಡು ಒಡೆಯಿತು. ಜಗಳ ಯಾತಕ್ಕೆ ಎಂಬುದು ಇಬ್ಬರಿಗೂ ಮರೆತುಹೋಗುವಷ್ಟು ವಯಸ್ಸಾದ ಮೇಲೆ, ಅವತ್ತು ಸಂಜೆ ಊರ ಮೈದಾನದಲ್ಲಿ ಮತ್ತೆ ಒಟ್ಟಿಗೆ ಹಾಡಲು ನಿಲ್ಲುತ್ತಿದ್ದರು.

ಸ್ಪ್ಯಾನರನಿಗೆ ಮದುವೆಯಾದದ್ದು ಬ್ಯಾಂಡು ಒಡೆದ ಮೇಲೆ. ಹೆಂಡತಿ ಡಿಪೋ ಕ್ಯಾಂಟೀನಿನಲ್ಲಿ ಅಡುಗೆಯವಳು. ಅವಳು ಕೇಳಿದ್ದೆಲ್ಲ ಅವನ ಹಳೇ ಕ್ಯಾಸೆಟ್ಟಿನ ಕರಕರ ಮಾತ್ರ. ರಜೆಯ ದಿನ ಅವನು ಅದನ್ನು ಹಾಕಿದನೆಂದರೆ ಅವಳು ಕಿವಿಗೆ ಹತ್ತಿ ಹಾಕುತ್ತಿದ್ದಳು.

"ರೀ, ಇದು ಹಾಡಾ? ತಗಡಿನ ಅಂಗಡಿಗೆ ಗೂಳಿ ನುಗ್ಗಿದ ಹಾಗಿದೆ!"

"ಎದುರಿಗೆ ನಿಂತು ಕೇಳಿದರೆ ಗೊತ್ತಾಗುತ್ತೆ ಕಣೇ. ನನ್ನ ಅರ್ಧ ಆಯಸ್ಸು ಆ ಹಾಡಲ್ಲೇ ಇದೆ."

"ಅದಕ್ಕೇ ಉಳಿದರ್ಧ ಹೀಗಾಗಿರೋದು!"

ಮೇಲೆ ನಗುತ್ತಿದ್ದರೂ ಇದು ಸ್ಪ್ಯಾನರನಿಗೆ ಒಳಗೆ ಚುಚ್ಚುವ ಮುಳ್ಳು. ಆ ಧರಣಿಯಲ್ಲಿ ಲಾಠಿ ಏಟು ತಿಂದಾಗ ಬೆನ್ನಿಗಿದ್ದ ಹಾಡು, ಜೊತೆಗೆ ಬಾಳುವವಳಿಗೆ ಬರೀ ಗದ್ದಲವಾಗಿ ಕೇಳಿಸಿದರೆ ಹೇಗೆ? ಹೇಗಾದರೂ ಸರಿ, ಅವಳನ್ನು ಎದುರಿಗೆ ನಿಲ್ಲಿಸಿ ಕೇಳಿಸಬೇಕು. ಅವಳ ಕಣ್ಣೆದುರೇ ಇಡೀ ಮೈದಾನದಲ್ಲಿ ಎಲ್ಲರಿಗಿಂತ ದೊಡ್ಡ ಮುಚ್ಚಳವನ್ನು ತಾನೇ ಬಡಿಯಬೇಕು!

ದೊಡ್ಡ ಮುಚ್ಚಳ ಎಲ್ಲಿರುತ್ತದೆ? ಕ್ಯಾಂಟೀನಿನಲ್ಲಿ. ಇಡೀ ಡಿಪೋಗೆ ಅಡುಗೆ ಬೇಯುವ ಪಾತ್ರೆಯ ಮುಚ್ಚಳ ಮಧ್ಯಾಹ್ನದ ಹೊತ್ತಿಗೆ ಮಾಯವಾಯಿತು. ಹೆಂಡತಿ ಪಾತ್ರೆಗೆ ಹಲಗೆ ಮುಚ್ಚಿ, ಕಂಡವರನ್ನೆಲ್ಲ ಬೈದಳು. ಸ್ಪ್ಯಾನರನೂ ಅವಳ ಜೊತೆ ಬಗ್ಗಿ ಬಗ್ಗಿ ಹುಡುಕಿದ.

"ಯಾರೋ ಕದ್ದಿರಬೇಕು ಕಣೇ. ಕಾಲ ಕೆಟ್ಟುಹೋಯ್ತು!"

ಆದರೆ ಮೈದಾನದೊಳಗೆ ಲೋಹದ ಸಾಮಾನು ತರಬಾರದೆಂದು ಈ ಸಲ ಬೋರ್ಡು ಹಾಕಿದ್ದರು. ನಿಷೇಧಾಜ್ಞೆಗಳನ್ನು ಮುರಿದೇ ಮುದುಕನಾದವನಿಗೆ ಬೋರ್ಡು ಯಾವ ಲೆಕ್ಕ? ಹಿಡಿಯ ಸ್ಕ್ರೂ ಬಿಚ್ಚಿ, ಮುಚ್ಚಳವನ್ನು ಹೊಟ್ಟೆಗಿಟ್ಟುಕೊಂಡು, ಟಯರ್ ಟ್ಯೂಬಿನ ಪಟ್ಟಿಯಿಂದ ಸುತ್ತಿ, ಬೆನ್ನಿಗೆ ಗಂಟು ಹಾಕಿಸಿಕೊಂಡ. ಹಾಕಿದವನು ಡಿಪೋದ ವೆಲ್ಡರು. ಬಸ್ಸಿನ ಚಾಸಿ ಮುರಿದರೂ ಬಿಚ್ಚದ ಗಂಟು! ಮೇಲೆ ದೊಗಲೆ ಅಂಗಿ. ಕನ್ನಡಿಯಲ್ಲಿ ನೋಡಿಕೊಂಡರೆ ಹೊಸ ಹೊಟ್ಟೆ ಹಳೆಯದಕ್ಕಿಂತ ಲಕ್ಷಣವಾಗಿತ್ತು.

ಗೇಟಿನಲ್ಲಿ ಹೆಂಗಸರ ಸಾಲು ಬೇರೆ, ಗಂಡಸರ ಸಾಲು ಬೇರೆ. ಕಾಡಿ ಬೇಡಿ ಕರೆತಂದಿದ್ದ ಹೆಂಡತಿ ಕಿವಿಗೆ ಹತ್ತಿ ಇಟ್ಟುಕೊಂಡೇ ಹೆಂಗಸರ ಸಾಲಿಗೆ ಹೋದಳು. ಸೆಕ್ಯುರಿಟಿಯವನು ಸ್ಪ್ಯಾನರನ ಹೊಟ್ಟೆ ತಟ್ಟಿದ. ಠಣ್!

"ಏನಿದು?"

"ಹೊಟ್ಟೆ."

"ಸದ್ದು ಬರ್ತಿದೆಯಲ್ಲ?"

"ಖಾಲಿ ಇದೆಯಪ್ಪ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಸೆಕ್ಯುರಿಟಿಯವನು ಅನುಮಾನದಿಂದ ಹಿಂದಿನವನ ಹೊಟ್ಟೆ ತಟ್ಟಿದ. ಠಣ್! ಅವನ ಹಿಂದಿದ್ದ ರಿಟೈರಾದ ಮೇಷ್ಟ್ರ ಬೆನ್ನು ಮುಟ್ಟಿದ. ಠಣ್! ಪಕ್ಕದ ಸಾಲಿನಲ್ಲಿ ಒಬ್ಬ ಅಜ್ಜಿ ಕೆಮ್ಮಿದರೂ ಸೀರೆಯೊಳಗಿಂದ ಠಣ್!

"ಇವತ್ತು ಯಾರೂ ಊಟ ಮಾಡ್ಕೊಂಡು ಬಂದಿಲ್ವಾ?" ಎಂದು ತಲೆ ಚಚ್ಚಿಕೊಂಡು ಅವನು ಎಲ್ಲರನ್ನೂ ಒಳಗೆ ಬಿಟ್ಟ. ಸಿಕ್ಕಿಬಿದ್ದವನು ಒಬ್ಬನೇ. ಮುಚ್ಚಳವನ್ನು ತಲೆಗಿಟ್ಟು ಮೇಲೆ ಟೋಪಿ ಹಾಕಿಕೊಂಡು ಬಂದಿದ್ದ ಬೋಳುತಲೆಯ ಗಡಿಯಾರ ರಿಪೇರಿಯವನು. ಪಾಪ, ಕಾಲುಚೀಲದಲ್ಲಿದ್ದ ಸೌಟು ಮಾತ್ರ ಉಳಿಯಿತು. ಅವನು ಬಂದು ಸ್ಪ್ಯಾನರ್ ದಂಪತಿಯ ಪಕ್ಕದಲ್ಲೇ, ವೇದಿಕೆಯ ಕಟಕಟೆಗೆ ಒತ್ತಿಕೊಂಡು ನಿಂತ.

ಬ್ಯಾಂಡು ಬಂತು. ಹಾಡುಗಾರನಿಗೆ ಹಲ್ಲುಸೆಟ್ಟು, ಡ್ರಮ್ಮಿನವನಿಗೆ ಸೊಂಟದ ಪಟ್ಟಿ. ಗಿಟಾರಿನವನು ಮೆಟ್ಟಿಲು ಹತ್ತಲು ಮೊಮ್ಮಗಳ ಕೈ ಹಿಡಿದಿದ್ದ. "ಇವರಾ ನಿಮ್ಮ ಹುಲಿಗಳು? ಮೊದಲು ಕುರ್ಚಿ ಕೊಡಿ ಅಂತ ಹೇಳ್ರೀ," ಎಂದಳು ಹೆಂಡತಿ, ಹತ್ತಿಯನ್ನು ಇನ್ನಷ್ಟು ಒಳಗೆ ತುರುಕಿಕೊಳ್ಳುತ್ತಾ. ಸ್ಪ್ಯಾನರನ ಎದೆ ಮುಚ್ಚಳದೊಳಗೇ ಕುಸಿಯಿತು.

ಮೊದಲ ಹಾಡು ಶುರುವಾಯಿತು ನೋಡಿ! ದೇಹಕ್ಕೆ ಮುಪ್ಪು ಬಂದಿತ್ತು, ದನಿಗೆ ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ದನಿ ಒಡೆದಿತ್ತು. ಆದರೆ ಒಡೆದ ಇಟ್ಟಿಗೆಗೆ ಅಂಚು ಜಾಸ್ತಿ ಇರುವ ಹಾಗೆ ಈಗ ಅದು ತಗುಲಿದಲ್ಲಿ ಕೊಯ್ಯುತ್ತಿತ್ತು. ಮಂಡಿ ಸವೆದವರು ಕುಣಿದರು. ಬ್ಯಾಂಕಿನ ಮ್ಯಾನೇಜರನ ಹಾಗಿದ್ದವನೊಬ್ಬ ಟೈ ಬಿಚ್ಚಿ ಗಾಳಿಗೆ ಬೀಸಿದ. ಮಗಳ ಜೊತೆ ಬಂದಿದ್ದ ನರ್ಸಮ್ಮ ಅಳುತ್ತಲೇ, "ನೋಡೇ, ಇವರೇ ಕಣೇ!" ಎಂದು ಮಗಳ ಭುಜ ಕಳಚುವ ಹಾಗೆ ಅಲುಗಾಡಿಸುತ್ತಿದ್ದಳು. ಹಾಡುಗಾರ ಒಂದು ಸಾಲು ಮರೆತಾಗ ಇಡೀ ಮೈದಾನವೇ ಅದನ್ನು ಹೇಳಿಕೊಟ್ಟಿತು. ಅವನು ಹಲ್ಲುಸೆಟ್ಟು ಸರಿಮಾಡಿಕೊಂಡು ಕೈ ಮುಗಿದ.

ಸ್ಪ್ಯಾನರ್ ಮಾತ್ರ ವೇದಿಕೆ ನೋಡುತ್ತಿರಲಿಲ್ಲ, ಹೆಂಡತಿಯ ಕಿವಿ ನೋಡುತ್ತಿದ್ದ. ಮೂರನೇ ಹಾಡಿಗೆ ಎಡಗಿವಿಯ ಹತ್ತಿ ಬಿತ್ತು!

"ಹೇಗಿದೆ?"

"ಸುಮ್ನಿರ್ರೀ, ಕೇಳಿಸ್ತಿಲ್ಲ!"

ಅಷ್ಟರಲ್ಲಿ ಕರೆಂಟ್ ಹೋಯಿತು. 'ಗೇಟು ತೆಗಿ'! ಸಂಜೆಯ ಕೆಂಪು ಬೆಳಕಲ್ಲಿ ಸೀರೆಗಳಿಂದ, ಅಂಗಿಗಳಿಂದ, ಕೊಡೆಗಳಿಂದ ಮುಚ್ಚಳಗಳು ಹೊರಬಂದವು. ಸ್ಪ್ಯಾನರ್ ವೀರಾವೇಶದಿಂದ ಬೆನ್ನಿಗೆ ಕೈ ಹಾಕಿದ. ಗಂಟು ಸಿಗಲಿಲ್ಲ. ಸಿಕ್ಕಿತು, ಬಿಚ್ಚಲಿಲ್ಲ. ಬೆವರಿಗೆ ರಬ್ಬರು ಚರ್ಮಕ್ಕೇ ಅಂಟಿತ್ತು. ಬುಗುರಿಯ ಹಾಗೆ ತನ್ನ ಸುತ್ತ ತಾನೇ ತಿರುಗಿದ. ಹೆಂಡತಿ ಗಾಬರಿಯಾಗಿ ಅವನ ಅಂಗಿ ಎತ್ತಿದಳು.

"ಅಯ್ಯೋ ಕಳ್ಳ! ಇದು ನನ್ನ ಮುಚ್ಚಳ ಅಲ್ವೇನ್ರೀ?"

"ಆಮೇಲೆ ಬೈಯೇ, ಈಗ ಬಿಚ್ಚೇ!"

"ಬಿಚ್ಚೋದಾ? ಮಧ್ಯಾಹ್ನ ಹಲಗೆ ಮುಚ್ಚಿ ಬೇಯಿಸಿದ್ದೀನಿ ನಾನು!"

ಅವಳು ಗಡಿಯಾರದವನ ಸೌಟು ಕಸಿದುಕೊಂಡು ಗಂಡನ ಹೊಟ್ಟೆಗೆ ಒಂದು ಬಾರಿಸಿದಳು. ದೊಂ! ಸಿಟ್ಟಿನ ಏಟೇ ಅದು, ಸುಳ್ಳು ಯಾಕೆ ಹೇಳಬೇಕು. ಎರಡನೆಯದೂ ಸಿಟ್ಟಿನದೇ. ಮೂರನೆಯದು ಹಾಡಿಗೆ ಸರಿಯಾಗಿ ಬಿತ್ತು. ನಾಲ್ಕನೆಯದಕ್ಕೆ ಅವಳೇ ಬೆಚ್ಚಿ ಹಾಡುಗಾರನ ಮುಖ ನೋಡಿದಳು.

ಮೈದಾನದಲ್ಲಿ ಒಬ್ಬೊಬ್ಬರದು ಒಂದೊಂದು ತಾಳವಾಗಿ ಹಾಡು ಕುಂಟುತ್ತಿತ್ತು. ಅವಳ ದೊಂ ದೊಂ ಮಾತ್ರ ಅಲುಗಲಿಲ್ಲ. ಮುಂದಿನ ಸಾಲು ಅವಳ ತಾಳ ಹಿಡಿಯಿತು, ಹಿಂದಿನ ಸಾಲು ಮುಂದಿನವರದು. ನೋಡನೋಡುತ್ತಿದ್ದ ಹಾಗೇ ಸಾವಿರ ಮುಚ್ಚಳ ಒಂದೇ ಮುಚ್ಚಳವಾಯಿತು. ಡ್ರಮ್ಮಿನವನು ಕೋಲು ನಿಲ್ಲಿಸಿ, ಬಗ್ಗಿ ನೋಡಿ, ಅವಳ ತಾಳಕ್ಕೇ ತನ್ನ ಕೋಲು ಸೇರಿಸಿದ. "ಗೇಟು ತೆಗಿ, ಗೇಟು ತೆಗಿ, ನಮ್ಮ ಹಸಿವು ಬಂದು ನಿಂತಿದೆ!" ಮೈಕಿಲ್ಲದ ಆ ಒಡಕು ದನಿ ಕೊನೆಯ ಬೇಲಿಯವರೆಗೂ ಕೇಳಿಸಿತಂತೆ. ಕರುಳು ಅದುರುತ್ತಿದ್ದ ಸ್ಪ್ಯಾನರ್ ಅಳುತ್ತಿದ್ದ. ನೋವಿಗೋ ಸಂತೋಷಕ್ಕೋ ಅವನಿಗೇ ಗೊತ್ತಾಗಲಿಲ್ಲ.

ಹಾಡು ಮುಗಿದ ಮೇಲೆ ಡ್ರಮ್ಮಿನವನು ಸೊಂಟ ಹಿಡಿದುಕೊಂಡು ಕಟಕಟೆಯವರೆಗೂ ಬಂದ. ಸ್ಪ್ಯಾನರ್ ಕೈ ಚಾಚಿದ. ಆತ ಅವನನ್ನು ದಾಟಿ ಹೆಂಡತಿಯ ಕೈ ಕುಲುಕಿ, ಕಿವಿಯಲ್ಲಿ ಏನೋ ಹೇಳಿ ಹೋದ.

"ಈಗಲಾದರೂ ಒಪ್ಪಿಕೋ!" ಎಂದ ಸ್ಪ್ಯಾನರ್, ವಾಪಸು ಬಸ್ಸಿನಲ್ಲಿ.

"ಚೆನ್ನಾಗಿದೆ," ಎಂದಳು. ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು. "ಇಷ್ಟು ವರ್ಷ ನನ್ನನ್ನು ಯಾಕ್ರೀ ಕರ್ಕೊಂಡು ಬರ್ಲಿಲ್ಲ?"

ಬ್ಯಾಂಡೇ ಇರಲಿಲ್ಲವಲ್ಲ ಎನ್ನುವ ನ್ಯಾಯವಾದ ಉತ್ತರವನ್ನು ಸ್ಪ್ಯಾನರ್ ನುಂಗಿಕೊಂಡ. ಗೆದ್ದವನಿಗೆ ವಾದ ಯಾಕೆ?

ಮುಂದಿನ ವಾರ ಪಕ್ಕದೂರಲ್ಲಿ ತುಕ್ಕು ಮತ್ತೆ ಹಾಡುವ ಸುದ್ದಿ ಬಂತು. ಸ್ಪ್ಯಾನರ್ ರಜೆ ಹಾಕಿ, ಗಡ್ಡ ಬೋಳಿಸಿ, ವೆಲ್ಡರನಿಂದ ಗಂಟು ಹಾಕಿಸಿಕೊಂಡು ಕ್ಯಾಂಟೀನಿಗೆ ಬಂದ. ಹೆಂಡತಿ ಹೊಸ ಸೀರೆಯುಟ್ಟು ಸೌಟು ಹಿಡಿದು ನಿಂತಿದ್ದಳು. ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು.

"ಬಾರೇ, ಬಸ್ಸಿಗೆ ಹೊತ್ತಾಯ್ತು!"

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, ಈರುಳ್ಳಿ ಹೆಚ್ಚುವ ಚಾಕುವಿನಿಂದ ಟ್ಯೂಬಿನ ಪಟ್ಟಿ ಕಚಕ್ಕನೆ ಕತ್ತರಿಸಿದಳು. ಮುಚ್ಚಳವನ್ನು ಕಂಕುಳಿಗಿಟ್ಟುಕೊಂಡು, ಸೌಟನ್ನು ಅವನ ಕೈಗಿಟ್ಟಳು.

"ತಳ ಹಿಡಿಯದ ಹಾಗೆ ತಿರುವುತ್ತಾ ಇರಿ. ಡ್ರಮ್ಮಿನವರು ಅವತ್ತೇ ಹೇಳಿದ್ರು, ಮುಂದಿನ ಸಲ ಮುಚ್ಚಳ ಮಾತ್ರ ತಂದರೆ ಸಾಕಂತೆ. ಹಿಂದೆ ಹೊಟ್ಟೆ ಇದ್ದರೆ ನಾದ ಕೂತುಹೋಗುತ್ತಂತೆ!"