ಹಿಂದಕ್ಕೆ ಮಾತ್ರ ಹೋಗುವ ಗಾಡಿ

"ಜಟ್ಟಿಂಗಪ್ಪನ ಹದಿಮೂರನೇ ದಿನದ ಊಟಕ್ಕೆ ಪಾತ್ರೆ ನನ್ನ ಗಾಡೀಲೇ ಬರೋದು. ಇನ್ಯಾರ ಗಾಡಿಯೂ ಬ್ಯಾಡ!"

ಹೀಗೆಂದು ಗೋಪಾಲಪ್ಪ ಸತ್ತವನ ಮನೆಯ ಜಗಲಿಯ ಮೇಲೆ, ಹತ್ತು ಜನರೆದುರು, ಎದೆ ತಟ್ಟಿಕೊಂಡು ಹೇಳಿಬಿಟ್ಟ. ಅದು ಎಂಬತ್ತಮೂರನೇ ಇಸವಿ. ಜಟ್ಟಿಂಗಪ್ಪ ಹೋಗಿ ಆಗ ಎಂಟು ದಿನವಾಗಿತ್ತು. ಬೆಳಿಗ್ಗೆ ತನ್ನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಕೂತಿದ್ದವನು ಮಧ್ಯಾಹ್ನಕ್ಕೆ ಇರಲಿಲ್ಲ. ಐವತ್ತೆರಡು ವರ್ಷ, ಅಷ್ಟೆ.

ಜಟ್ಟಿಂಗಪ್ಪನ ತಮ್ಮ ಕನ್ನಪ್ಪನಿಗೆ ತೀರ್ಥಹಳ್ಳಿಯಲ್ಲಿ ಲಾರಿಯಿತ್ತು. ಪಾತ್ರೆ ತರಲು ಅದನ್ನೇ ಕಳಿಸುತ್ತೇನೆ ಎಂದು ಅವನು ಆಗಷ್ಟೇ ಹೇಳಿದ್ದ. ಗೋಪಾಲಪ್ಪನ ಘೋಷಣೆ ಕೇಳಿ ಅವನಿಗೆ ನಗು ಬಂತು.

"ಗೋಪಾಲಣ್ಣ, ನಿಮ್ಮ ಗಾಡಿ ಅರ್ಧ ದಾರೀಲಿ ಕೂತ್ರೆ ಮುನ್ನೂರು ಜನ ಉಪವಾಸ."

"ಯಾಕೆ ಕೂರ್ತದೆ? ಎರಡು ತಿಂಗಳ ಹಿಂದೆ ನಿಮ್ಮಣ್ಣನೇ ಅದರ ಗೇರ್ ಬಾಕ್ಸು ಬಿಚ್ಚಿ ಕಟ್ಟಿದಾನೆ!"

"ಅದಕ್ಕೇ ಹೇಳಿದ್ದು, ಕೂರ್ತದೆ ಅಂತ."

ಜಗಲಿಯಲ್ಲಿದ್ದ ಒಂದಿಬ್ಬರು ತಲೆ ತಗ್ಗಿಸಿ ನಕ್ಕರು. ಒಳಗೆ ಕೆರಿಯಮ್ಮ, ಗಂಡ ಸತ್ತು ಎಂಟು ದಿನವಾಗಿದ್ದ ಕೆರಿಯಮ್ಮ, ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಗೋಪಾಲಪ್ಪನ ಮುಖಕ್ಕೆ ಮಾತ್ರ ರಕ್ತ ಏರಿತು. ಆ ಗಾಡಿ ಹದಿಮೂರನೇ ದಿನ, ಅಷ್ಟೂ ಜನರ ಕಣ್ಣೆದುರು, ಈ ಅಂಗಳಕ್ಕೆ ಠೀವಿಯಿಂದ ಬಂದು ನಿಲ್ಲಬೇಕು. ಸತ್ತವನ ಹೆಸರು ಉಳಿಯಬೇಕು. ಅವನ ಮನಸ್ಸಿನಲ್ಲಿದ್ದದ್ದು ಇಷ್ಟೆ. ಇನ್ನೊಂದು ಮಾತೂ ಇತ್ತು. ಅದನ್ನು ಅವನು ಒಂಬತ್ತು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

ಗೋಪಾಲಪ್ಪನದು ಹೊಸನಗರದಲ್ಲಿ ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಸಾಗರದ ಮದುವೆ, ತೀರ್ಥಹಳ್ಳಿಯ ಗೃಹಪ್ರವೇಶ, ನಡುವಿನ ಹಳ್ಳಿಗಳ ನಾಮಕರಣ, ಎಲ್ಲಕ್ಕೂ ಅವನ ಕೊಪ್ಪರಿಗೆ, ಹಂಡೆಗಳೇ ಹೋಗಬೇಕು. ಎಪ್ಪತ್ತನಾಲ್ಕರಲ್ಲಿ, ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಪರದೇಶದ ಎಂಜಿನಿಯರುಗಳು ಬಿಟ್ಟುಹೋದ ಒಂದು ಹಳೆಯ ನೀಲಿ ಪಿಕಪ್ಪು ಸಾಗರದಲ್ಲಿ ಹರಾಜಿಗೆ ಬಂತು. ಗೋಪಾಲಪ್ಪ ಅದನ್ನು ಹಿಡಿದ. ಮನೆಗೆ ತಂದ ಮೇಲೆ ನೋಡಿದರೆ ಕ್ಲಚ್ಚಿನ ಪೆಡಲೇ ಇಲ್ಲ! ಗೇರನ್ನು ಗಾಡಿಯೇ ಬದಲಾಯಿಸಿಕೊಳ್ಳುತ್ತದೆ! ಡಿ ಎಂದರೆ ಮುಂದಕ್ಕೆ, ಆರ್ ಎಂದರೆ ಹಿಂದಕ್ಕೆ, ಎನ್ ಎಂದರೆ ನ್ಯೂಟ್ರಲ್, ಪಿ ಎಂದರೆ ನಿಲ್ಲಿಸಲು.

"ನೋಡೇ ಹೂವಮ್ಮ, ಎಡಗಾಲಿಗೆ ಕೆಲಸವೇ ಇಲ್ಲ!" ಎಂದು ಹೆಂಡತಿಯನ್ನು ಕರೆದು ತೋರಿಸಿದ.

"ಬಲಗಾಲಿಗಾದ್ರೂ ಇದೆಯಲ್ಲ. ನಿಮಗೆ ಅಷ್ಟೇ ಜಾಸ್ತಿ" ಎಂದಳು ಹೂವಮ್ಮ.

ಇಂಥ ಬಾಕ್ಸು ಹಳೆಯದಾದ ಮೇಲೆ ಎಷ್ಟು ವರ್ಷ ಬಂದೀತು? ಸಾಗರ, ಶಿವಮೊಗ್ಗದ ಮೆಕ್ಯಾನಿಕ್ಕುಗಳು ಗಾಡಿಯ ಕೆಳಗೆ ಮಲಗಿ ನೋಡಿ, ಎದ್ದು ಕೈ ಒರೆಸಿಕೊಂಡು, "ಮಾರಿಬಿಡಿ" ಎಂದರು. ಮಾರಬೇಡ ಎಂದವನು ಜಟ್ಟಿಂಗಪ್ಪ ಒಬ್ಬನೇ. ಹೊಸನಗರದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ನಾಲ್ಕು ಮೈಲಿ ಹೋದರೆ, ಒಂದು ಉದ್ದ ಇಳಿಜಾರಿನ ಬುಡದಲ್ಲಿ ಅವನ ಮನೆ, ಪಕ್ಕದಲ್ಲೇ ಗ್ಯಾರೇಜು. ಜೀಪು, ಟ್ರ್ಯಾಕ್ಟರುಗಳನ್ನು ಕಣ್ಣು ಮುಚ್ಚಿ ಬಿಚ್ಚುತ್ತಿದ್ದವನು ಈ ಬಾಕ್ಸಿನ ಮುಂದೆ ಮೂರು ದಿನ ಸುಮ್ಮನೆ ಕೂತ. ಆಮೇಲೆ ಎಲ್ಲಿಂದಲೋ ಒಂದು ಇಂಗ್ಲಿಷ್ ಪುಸ್ತಕ ತರಿಸಿ, ಹೈಸ್ಕೂಲು ಮೇಷ್ಟರ ಮನೆಗೆ ಒಂದು ಮಳೆಗಾಲ ಪೂರ್ತಿ ಹೋಗಿ, ಸಾಲು ಸಾಲಾಗಿ ಓದಿಸಿ ಕನ್ನಡದಲ್ಲಿ ಬರೆದುಕೊಂಡ.

"ಇದು ಬಾಕ್ಸಲ್ಲ ಮಾರಾಯ, ಗಡಿಯಾರ" ಎಂದ ಗೋಪಾಲಪ್ಪನಿಗೆ. "ಒಳಗೆ ಕೆಂಪು ಎಣ್ಣೆ ಇರ್ತದೆ, ಕುಂಕುಮದ ನೀರಿನ ಹಾಗೆ. ಆ ಎಣ್ಣೆ ಓಡಾಡೋ ತನಕ ಇಪ್ಪತ್ತು ವರ್ಷ ಬೇಕಾದ್ರೂ ಬರ್ತದೆ. ಆದ್ರೆ ಇಂಜಿನ್ ತಿರುಗಿದ್ರೆ ಮಾತ್ರ ಎಣ್ಣೆ ಪಂಪು ತಿರುಗೋದು. ಇಂಜಿನ್ ಆಫ್ ಮಾಡಿ ಗಾಡಿ ಉರುಳಿಸಿದೆ ಅನ್ಕೋ, ಗಾಲಿ ತಿರುಗ್ತದೆ, ಒಳಗೆ ಎಣ್ಣೆ ಇಲ್ಲ. ಬರೀ ಬಾಣಲೇಲಿ ವಡೆ ಕರಿದ ಹಾಗೆ! ಅದೊಂದು ಮಾತ್ರ ಮಾಡಬೇಡ."

"ಛೇ! ನಾನೇನು ಮಗುವಾ?" ಎಂದ ಗೋಪಾಲಪ್ಪ.

ಮಲೆನಾಡಿನಲ್ಲಿ ಗಾಡಿ ಓಡಿಸುವವನಿಗೆ ಇಳಿಜಾರು ಎಂದರೆ ದೇವರು ಪುಕ್ಕಟೆ ಕೊಟ್ಟ ಪೆಟ್ರೋಲು. ಏರಿದ ಮೇಲೆ ಇಂಜಿನ್ ಬಂದ್ ಮಾಡಿ ಇಳಿಯದವನನ್ನು ಇಲ್ಲಿ ಯಾರೂ ಡ್ರೈವರ್ ಎಂದು ಒಪ್ಪುವುದಿಲ್ಲ. ಗೋಪಾಲಪ್ಪನಂತೂ ಈ ವಿದ್ಯೆಯಲ್ಲಿ ಪಂಡಿತ. ಸಾಗರದಿಂದ ಹೊಸನಗರದವರೆಗಿನ ಇಪ್ಪತ್ತೇಳು ಇಳಿಜಾರುಗಳೂ ಅವನಿಗೆ ನಕ್ಷತ್ರಗಳ ಹಾಗೆ ಬಾಯಿಪಾಠ. ಆ ಪಿಕಪ್ಪೋ, ಬಾಯಾರಿದ ಆನೆಯ ಹಾಗೆ ಪೆಟ್ರೋಲು ಕುಡಿಯುತ್ತಿತ್ತು. ಮೊದಲನೇ ವಾರವೇ ಅವನ ಕೈ ಇಳಿಜಾರಿನ ತಲೆಯಲ್ಲಿ ಚಾವಿಯನ್ನು ತಿರುಗಿಸಿತು. ಗಾಡಿ ಹಂಸದ ಹಾಗೆ ತೇಲಿಕೊಂಡು ಇಳಿಯಿತು. ಏನೂ ಆಗಲಿಲ್ಲ! ಮರುದಿನವೂ ಆಗಲಿಲ್ಲ! ಆಗಿದ್ದು ಎರಡು ವರ್ಷದ ಮೇಲೆ. ಬಾಕ್ಸಿನ ಎಣ್ಣೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಗಾಡಿ ಏರಿನಲ್ಲಿ ಕೂತಿತು.

ಒಂಬತ್ತು ವರ್ಷದಲ್ಲಿ ಹಾಗೆ ಮೂರು ಸಲ ಕೂತಿತು. ಮೂರು ಸಲವೂ ಜಟ್ಟಿಂಗಪ್ಪ ತಿಂಗಳುಗಟ್ಟಲೆ ಕೂತು ಕಟ್ಟಿಕೊಟ್ಟ. ಪ್ರತಿ ಸಲವೂ ಕೇಳುತ್ತಿದ್ದ: "ಆಫ್ ಮಾಡಿ ಇಳಿಸ್ತಿಲ್ಲ ತಾನೆ?" ಪ್ರತಿ ಸಲವೂ ಗೋಪಾಲಪ್ಪ "ಛೇ!" ಎನ್ನುತ್ತಿದ್ದ.

ಹೊಸನಗರದ ಹೋಟೆಲಿನಲ್ಲಿ ಜನ ಮಾತಾಡಿಕೊಂಡರು. "ಜಟ್ಟಿಂಗಪ್ಪನ ಕೈ ಹೋಯ್ತು. ಒಂದೇ ಬಾಕ್ಸನ್ನ ಎಷ್ಟು ಸಲ ಬಿಚ್ಚೋದು?" ಬರುತ್ತಿದ್ದ ಜೀಪಿನವರು ಒಬ್ಬೊಬ್ಬರಾಗಿ ತೀರ್ಥಹಳ್ಳಿಯ ಗ್ಯಾರೇಜುಗಳಿಗೆ ಹೋಗತೊಡಗಿದರು. ಅದೇ ಹೋಟೆಲಿನ ಇನ್ನೊಂದು ಮೇಜಿನಲ್ಲಿ ಗೋಪಾಲಪ್ಪ ಚಹಾ ಕಲಕುತ್ತ ಕೂತಿರುತ್ತಿದ್ದ. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾಳೆ ಹೇಳಿದರಾಯಿತು ಎಂದುಕೊಳ್ಳುವಷ್ಟು ಹತ್ತಿರದ ಸ್ನೇಹಿತ ಜಟ್ಟಿಂಗಪ್ಪ. ಹಾಗೆಯೇ ಒಂಬತ್ತು ವರ್ಷ ನಾಳೆಯಾಗುತ್ತ ಹೋಯಿತು.

ಹದಿಮೂರನೇ ದಿನ ಬೆಳಿಗ್ಗೆ ಏಳಕ್ಕೆ ಗಾಡಿ ಸಿದ್ಧವಾಯಿತು. ಎರಡು ಕೊಪ್ಪರಿಗೆ, ನಾಲ್ಕು ಹಂಡೆ, ಬಕೆಟ್ಟು, ಸೌಟು, ಜಾಲರಿ. ಹೂವಮ್ಮ ಮುಂದಿನ ಸೀಟಿನಲ್ಲಿ ಕೂತಳು. ಗೋಪಾಲಪ್ಪ ದೇವರಿಗೆ ಕೈ ಮುಗಿದು ಡಿ ಹಾಕಿದ. ಇಂಜಿನ್ ಗುಡುಗಿತು. ಗಾಡಿ ಅಲ್ಲಾಡಲಿಲ್ಲ.

ಮತ್ತೆ ಹಾಕಿದ. ಮತ್ತೆ ಗುಡುಗು. ಎಣ್ಣೆ ನೋಡುವ ಕಡ್ಡಿ ಎಳೆದು ಮೂಸಿದ. ಸುಟ್ಟ ವಾಸನೆ.

ಹಿಂದಿನ ದಿನ ಸಾಗರದ ಮದುವೆಯೊಂದರಿಂದ ಪಾತ್ರೆ ತಂದಿದ್ದ. ದಾರಿಯುದ್ದಕ್ಕೂ ಜಟ್ಟಿಂಗಪ್ಪನ ನೆನಪೇ. ನೆನೆಸಿಕೊಳ್ಳುತ್ತಲೇ, ಕಣ್ಣೊರೆಸಿಕೊಳ್ಳುತ್ತಲೇ, ಇಪ್ಪತ್ತೇಳು ಇಳಿಜಾರುಗಳಲ್ಲೂ ಕೈ ಅದರಷ್ಟಕ್ಕೆ ಅದು ಚಾವಿ ತಿರುಗಿಸಿತ್ತು!

ಈ ರೋಗ ಬಲ್ಲವನು ಮೂರು ತಾಲ್ಲೂಕಿಗೂ ಒಬ್ಬನೇ ಇದ್ದ. ಅವನ ಹದಿಮೂರನೇ ದಿನಕ್ಕೇ ಈ ಪಾತ್ರೆ ಹೋಗಬೇಕಿತ್ತು.

"ಕನ್ನಪ್ಪಂಗೆ ಹೇಳಿ ಕಳಿಸಿ, ಲಾರಿ ತರ್ತಾನೆ" ಎಂದಳು ಹೂವಮ್ಮ.

"ಪ್ರಾಣ ಹೋದ್ರೂ ಇಲ್ಲ!"

"ನಿಮ್ಮ ಪ್ರಾಣ ಇರ್ಲಿ. ಅಲ್ಲಿ ಅಕ್ಕಿ ತೊಳೆದು ಕೂತಿರ್ತಾರೆ."

ಸಿಟ್ಟಿಗೆ ಅವನು ಗೇರನ್ನು ಆರ್‌ಗೆ ಎಳೆದ. ಗಾಡಿ ಚಂಗನೆ ಹಿಂದಕ್ಕೆ ಹಾರಿತು! ಹಂಡೆಗಳು ಢಣಾರೆಂದವು.

"ಹೋಗ್ತದಲ್ಲ!" ಎಂದಳು ಹೂವಮ್ಮ.

"ಹಿಂದಕ್ಕೆ ಹೋಗಿ ಏನು ಮಾಡೋದೇ?"

"ಅವರ ಮನೆ ಕಡೆಗೆ ಬೆನ್ನು ಹಾಕಿ ನಿಲ್ಲಿಸಿ. ಆಮೇಲೆ ಹಿಂದಕ್ಕೆ ಹೋದ್ರೆ ಅಲ್ಲಿಗೇ ಹೋಗಿ ಮುಟ್ಟಲ್ವಾ?"

ಗೋಪಾಲಪ್ಪ ಹೆಂಡತಿಯನ್ನು ನೋಡಿದ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳ ಬುದ್ಧಿಗೆ ಅವನು ಬಾಯಿಬಿಟ್ಟು ಒಪ್ಪಿಗೆ ಕೊಟ್ಟದ್ದಿಲ್ಲ. ಈಗಲೂ ಕೊಡಲಿಲ್ಲ. ಅಕ್ಕಪಕ್ಕದ ಅಂಗಡಿಯ ನಾಲ್ಕು ಜನರನ್ನು ಕರೆದು, ಗಾಡಿ ತಳ್ಳಿಸಿ, ಅದರ ಬೆನ್ನನ್ನು ತೀರ್ಥಹಳ್ಳಿ ಕಡೆಗೆ ಮಾಡಿದ.

ಪಾತ್ರೆಗಳ ರಾಶಿಯಲ್ಲಿ ಹಿಂದಿನ ರಸ್ತೆ ಕಾಣುತ್ತಿರಲಿಲ್ಲ. ಹೂವಮ್ಮ ಬೋರಲು ಹಾಕಿದ ಕೊಪ್ಪರಿಗೆಯ ಮೇಲೆ ಹತ್ತಿ, ಅಂಬಾರಿಯಲ್ಲಿ ಕೂತಂತೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗತೊಡಗಿದಳು. "ಬಲಕ್ಕೆ ಬನ್ನಿ! ಸಾಕು! ಎಮ್ಮೆ, ಎಮ್ಮೆ! ನಿಲ್ಸಿ! ಹೋಯ್ತು, ಬನ್ನಿ!" ಗೋಪಾಲಪ್ಪ ಹೆಗಲ ಮೇಲೆ ಗದ್ದ ಇಟ್ಟು, ಕುತ್ತಿಗೆಯನ್ನು ಪೂರ್ತಿ ತಿರುಚಿ ಸ್ಟೀರಿಂಗ್ ಹಿಡಿದಿದ್ದ.

ಎರಡನೇ ಮೈಲಿಯಲ್ಲಿ ಎದುರಿನಿಂದ ಬಸ್ಸು ಬಂತು. ಕಂಡಕ್ಟರು ಕಿಟಕಿಯಿಂದ ಅರ್ಧ ಹೊರಗೆ ಬಂದು ನೋಡಿದ.

"ಗೋಪಾಲಪ್ಪೋರೇ, ಹೋಗ್ತಾ ಇದೀರೋ, ಬರ್ತಾ ಇದೀರೋ?"

"ನಿನ್ನ ದಾರಿ ನೀ ನೋಡ್ಕಳೋ!"

"ನಾನು ನೋಡ್ಕಂಡೇ ಹೋಗ್ತಾ ಇದೀನಿ. ನಿಮಗೇ ಕಾಣ್ತಿಲ್ಲ!"

ಬಸ್ಸು ತುಂಬ ನಗು. ಹೂವಮ್ಮ ಕೊಪ್ಪರಿಗೆಯ ಮೇಲಿಂದ, "ನಗ್ರಪ್ಪ, ನಗ್ರಿ. ನಿಮ್ಮನೇಲೂ ಮದುವೆ ಆಗ್ತವೆ. ಆಗ ಸೊಪ್ಪಿನ ಎಲೇಲಿ ಅನ್ನ ಬೇಯಿಸ್ಕಳಿ!" ಎಂದು ಕೂಗಿ ಗಂಡನ ಮಾನ ಕಾಪಾಡಿದಳು.

ಕೊನೆಗೆ ಜಟ್ಟಿಂಗಪ್ಪನ ಮನೆಯ ಮೇಲಿನ ಉದ್ದ ಇಳಿಜಾರು ಬಂತು. ಅದರ ತಲೆಯಲ್ಲಿ ಗಾಡಿ ಒಂದು ಕ್ಷಣ ನಿಂತಿತು. ಗೋಪಾಲಪ್ಪನ ಕೈ ಚಾವಿಯ ಹತ್ತಿರ ಹೋಗಿ ವಾಪಸು ಬಂತು. ಬ್ರೇಕನ್ನು ಅರ್ಧ ಒತ್ತಿ, ಇಂಜಿನ್ ಗುರುಗುಡಿಸುತ್ತಲೇ, ಇಂಚಿಂಚಾಗಿ ಬುಡದವರೆಗೂ ಇಳಿಸಿದ. ಆ ಇಳಿಜಾರನ್ನು ಅವನು ಹಾಗೆ ಇಳಿದದ್ದು ಅದೇ ಮೊದಲು.

ಅಂಗಳದಲ್ಲಿ ಒಲೆ ಹೊತ್ತಿಸಿ ಕಾಯುತ್ತಿದ್ದ ಅಡುಗೆಯವರು ಎದ್ದು ನಿಂತರು. ನೆಂಟರು ಜಗಲಿಯಿಂದ ಇಳಿದರು. ಬೆನ್ನು ಮುಂದಾಗಿ, ಹೆಂಗಸೊಬ್ಬಳನ್ನು ಕೊಪ್ಪರಿಗೆಯ ಮೇಲೆ ಕೂರಿಸಿಕೊಂಡು ಬಂದ ಆ ವಾಹನವನ್ನು ನೋಡಿ, ಸಾವಿನ ಮನೆ ಎಂಬುದನ್ನೂ ಮರೆತು ಒಬ್ಬ ಕಿಸಕ್ಕೆಂದ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ.

"ಬಂತಪ್ಪ, ಬಂತು!" ಎಂದ ಕನ್ನಪ್ಪ. "ನಮ್ಮಣ್ಣ ಕೊನೇ ಸಲ ಕಟ್ಟಿದ ಬಾಕ್ಸು! ಮುಖ ತೋರಿಸಕ್ಕೆ ನಾಚಿಕೆಯಾಗಿ ಬೆನ್ನು ತೋರಿಸ್ಕಂಡು ಬಂತು!"

ಗೋಪಾಲಪ್ಪ ಕೆಳಗಿಳಿದ. ಕುತ್ತಿಗೆ ತಿರುಚಿದ ಕಡೆಗೇ ನಿಂತುಬಿಟ್ಟಿತ್ತು. ಸತ್ಯ ಹೇಳುವಾಗಲಾದರೂ ಜನರಿಗೆ ಮುಖ ಕೊಟ್ಟು ಹೇಳೋಣವೆಂದರೆ ಆಗಲಿಲ್ಲ. ಅಂಗಳದ ಬಾಳೆಗಿಡವನ್ನೇ ನೋಡುತ್ತ ಹೇಳಿದ.

"ನಗಬೇಕಾದ್ದು ನನ್ನ ನೋಡಿ. ಜಟ್ಟಿಂಗಪ್ಪ ಕಟ್ಟಿದ್ದರಲ್ಲಿ ಒಂದು ಮೊಳೆ ತಪ್ಪಿರಲಿಲ್ಲ. ಇಂಜಿನ್ ಆಫ್ ಮಾಡಿ ಇಳಿಸಬೇಡ ಅಂತ ಮೊದಲನೇ ದಿನವೇ ಹೇಳಿದ್ದ. ನಾನು ಒಂಬತ್ತು ವರ್ಷ ಇಳಿಸ್ದೆ. ಮೂರು ಸಲ ಬಾಕ್ಸು ಸುಟ್ಟಿದ್ದು ನಾನು. ಅವನು ಕೇಳಿದಾಗೆಲ್ಲ ಸುಳ್ಳು ಹೇಳ್ದೆ. ನಿನ್ನೆ, ಅವನು ಸತ್ತ ಮೇಲೂ, ಇಳಿಸ್ದೆ. ಅವನ ಕೈ ಹೋಯ್ತು ಅಂತ ನೀವೆಲ್ಲ ಅಂದಾಗ ಬಾಯಿ ಮುಚ್ಚಿ ಕೂತಿದ್ದೆ. ಇಷ್ಟೇ. ಇನ್ನು ಪಾತ್ರೆ ಇಳಿಸ್ಕಳಿ."

ಕನ್ನಪ್ಪ ಗಾಡಿಯ ಹತ್ತಿರ ಬಂದು, ಹೂವಮ್ಮನನ್ನು ಕೈ ಹಿಡಿದು ಇಳಿಸಿ, ದೊಡ್ಡ ಕೊಪ್ಪರಿಗೆಯನ್ನು ತಾನೇ ಹೊತ್ತುಕೊಂಡು ಒಲೆಯ ಕಡೆ ಹೋದ.

ಕೆರಿಯಮ್ಮ ಹೊಸಿಲಿನ ಹತ್ತಿರ ನಿಂತಿದ್ದಳು.

"ಅವರಿಗೆ ಗೊತ್ತಿತ್ತು ಗೋಪಾಲಣ್ಣ" ಎಂದಳು.

"ಏನು ಗೊತ್ತಿತ್ತು ಅತ್ತಿಗೆ?"

"ನೀವು ಆಫ್ ಮಾಡಿ ಇಳಿಸೋದು. ಮೊದಲನೇ ವರ್ಷದಿಂದ. ಸದ್ದಿಲ್ಲದೆ ಇಳಿದು ಬಂದು, ನಮ್ಮ ಮನೆ ಕಾಣೋ ತಿರುವಲ್ಲಿ ಗಿರ್ರ್ ಅಂತ ಸ್ಟಾರ್ಟ್ ಹೊಡೀತಿದ್ರಲ್ಲ, ಇಷ್ಟು ದೂರವೂ ಸ್ಟಾರ್ಟಲ್ಲೇ ಬಂದವರ ಹಾಗೆ! ಬೇರೆ ಗಾಡಿಯಾಗಿದ್ರೆ ಕ್ಲಚ್ ಬಿಟ್ರೆ ಸದ್ದಿಲ್ಲದೆ ಎತ್ಕಳ್ತದೆ, ಇದಕ್ಕೆ ಕ್ಲಚ್ಚಿಲ್ಲ, ಚಾವೀನೇ ತಿರುಗಿಸ್ಬೇಕು ಅಂತ ಅವರೇ ಹೇಳಿದ್ದು. ನಡುರಸ್ತೇಲಿ ಗಾಡಿ ಸ್ಟಾರ್ಟ್ ಮಾಡೋರು ಇನ್ಯಾರಿದಾರೆ? ಆಮೇಲೆ ನಿಮ್ಮನ್ನ ಕೇಳೋದು, ನೀವು 'ಛೇ' ಅನ್ನೋದು, ಅವರು ಒಳಗೆ ಬಂದು ಹೊಟ್ಟೆ ಹಿಡ್ಕಂಡು ನಗೋದು."

ಗೋಪಾಲಪ್ಪ ಬಾಳೆಗಿಡದ ಕಡೆಗೇ ನೋಡುತ್ತ ನಿಂತಿದ್ದ. ಈಗ ಕುತ್ತಿಗೆ ಸರಿಹೋದರೂ ಅವನು ಈ ಕಡೆ ತಿರುಗುವಂತಿರಲಿಲ್ಲ.

"ಊರವರು ಆಡ್ಕಳ್ತಿದ್ರು. ಅವನ ಹೆಸರೇ ಹೋಯ್ತಲ್ಲ ಅತ್ತಿಗೆ. ಒಂದು ಮಾತು ಬೈಯಬಾರದಿತ್ತಾ?"

"ನಾನೂ ಹೇಳ್ದೆ. 'ಹೋದ್ರೆ ಗ್ಯಾರೇಜಿನ ಹೆಸರು ತಾನೆ, ಬಿಡು' ಅಂದ್ರು. ಬೈದ್ರೆ ನೀವು ಆಫ್ ಮಾಡೋದು ಬಿಡ್ತೀರಂತೆ. ಆ ಗಿರ್ರ್ ಕೇಳಿದ ಕೂಡಲೇ 'ಗೋಪಾಲ ಬಂದ, ಕಾಫಿಗಿಡು' ಅಂತ ಕೂಗೋರು. ನೀವು ಬಂದು ಕೂರೋ ಹೊತ್ತಿಗೆ ಕಾಫಿ ಆಗಿರ್ತಿತ್ತು."

ಅವಳು ಅಂಗಳದಲ್ಲಿ ಬೆನ್ನು ಮುಂದಾಗಿ ನಿಂತ ನೀಲಿ ಗಾಡಿಯನ್ನು ಒಮ್ಮೆ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇವತ್ತೊಂದು ದಿನ ಆಫ್ ಮಾಡದೆ ಬಂದ್ರಿ ನೋಡಿ, ಕಾಫಿ ಆಗಿಲ್ಲ. ಕೂತ್ಕಳಿ, ಇಡ್ತೀನಿ."