ಕ್ಯಾಪ್ಟನ್ ತಿಪ್ಪಮ್ಮನ ಬೆನ್ನು ಹತ್ತಿದ ಸಾಮ್ರಾಜ್ಯ

ದುರ್ಗದ ಕೋಟೆ ಯಾರ ಕೈಗೂ ಸಿಗದೆ ಉಳಿದು, ಮುಂದೆ ಚಿತ್ರದುರ್ಗ ಗಣರಾಜ್ಯವೇ ಆಗಿಹೋದ ಕಾಲದ ಕತೆ ಇದು. ಆ ಗಣರಾಜ್ಯದ ವಾಯುಪಡೆಯಲ್ಲಿ ಇದ್ದದ್ದು ಒಂದೇ ವಿಮಾನ, ಒಬ್ಬಳೇ ಕ್ಯಾಪ್ಟನ್: ತಿಪ್ಪಮ್ಮ. ಆದರೂ ವಾಯುಪಡೆಯ ದಿನ ಅವಳು ಚಳ್ಳಕೆರೆ ಮೈದಾನಕ್ಕೆ ನಡೆದುಬಂದ ಠೀವಿ ನೋಡಿದರೆ, ಆಕಾಶವನ್ನೆಲ್ಲ ಅವಳ ಹೆಸರಿಗೇ ಬರೆದುಕೊಟ್ಟ ಹಾಗಿತ್ತು!

"ಒಂದು ವಿಮಾನಕ್ಕೆ ಪಡೆ ಅಂತಾರೇನಮ್ಮಾ? ಇವತ್ತು ನೋಡ್ತೀನಿ, ಸರಿ ಅನ್ನಿಸ್ಲಿಲ್ಲಾಂದ್ರೆ ಮುಚ್ಚಿಬಿಡೋಣ," ಎಂದರು ಮಂತ್ರಿ ಶಾಂತವೀರಯ್ಯ.

ತಿಪ್ಪಮ್ಮ ಗಾಬರಿಯಿಂದ ಪಕ್ಕಕ್ಕೆ ತಿರುಗಿದಳು. ಅವಳ ತಮ್ಮ ಓಬಳೇಶ ಮಾತ್ರ ಮೀಸೆ ತಿರುವಿದ. ವಿಮಾನದ ಮೂತಿಗೆ ಅವನು ತಾಮ್ರದ ಕೊಡದಂಥ ಯಂತ್ರವೊಂದನ್ನು ಬಿಗಿದಿದ್ದ.

"ಹಿಂಬಾಲು ಯಂತ್ರ ಸಾರ್! ಇದನ್ನ ಹಚ್ಚಿದ್ರೆ ಹಾರೋದೆಲ್ಲ ನಮ್ಮಕ್ಕನ ಹಿಂದೇನೇ ಬರುತ್ತೆ. ಪೈಲಟ್ಟೇ ಬೇಕಾಗಿಲ್ಲ!"

ತಿಪ್ಪಮ್ಮ ಹಾರಿದಳು. ಗುಡ್ಡದ ಮೇಲಿಂದ ತಳ್ಳಿದ ಎರಡು ಖಾಲಿ ಗ್ಲೈಡರುಗಳು ಕೋಳಿಮರಿಗಳಂತೆ ಹಿಂದೆ ಬಂದವು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಹದ್ದುಗಳು ಬಂದವು. ಚಪ್ಪರಕ್ಕೆ ಕಟ್ಟಿದ್ದ ಬಲೂನುಗಳೂ ದಾರ ಕಿತ್ತುಕೊಂಡು ಬಂದವು!

"ಓಬ್ಳೇಶಾ! ಆರಿಸೋ ಗುಂಡಿ ಎಲ್ಲೋ?" ರೇಡಿಯೋದಲ್ಲಿ ಕಿರುಚಿದಳು.

"ಹಚ್ಚೋದಷ್ಟೇ ಮಾಡಿದ್ದೀನಿ ಕಣಕ್ಕಾ!"

"ಕೆಳಗಿಳಿದ್ಮೇಲೆ ನಿನ್ನ ಚರ್ಮ ಸುಲೀತೀನಿ!"

ಅಷ್ಟರಲ್ಲಿ ಪಡುವಣದಿಂದ ಗುಡುಗಿನ ಸದ್ದು ಬಂತು. ಕಡಲಾಚೆಯ ಸಾಮ್ರಾಜ್ಯ ಪ್ರತಿವರ್ಷ ಇದೇ ದಿನ ತನ್ನ ಯುದ್ಧವಿಮಾನಗಳನ್ನು ಕಳಿಸಿ ಜನರನ್ನು ಹೆದರಿಸುತ್ತಿತ್ತು. ಹನ್ನೆರಡು ವಿಮಾನಗಳು ತಲೆಯ ಮೇಲೇ ಎರಗಿದವು. ಮಂತ್ರಿಗಳು ಕುರ್ಚಿಯ ಕೆಳಗೆ ನುಸುಳಿದರು.

ತಿಪ್ಪಮ್ಮ ಪಕ್ಕಕ್ಕೆ ಸರಿಯಬಹುದಿತ್ತು. ಆದರೆ ಕೆಳಗೆ ಇದ್ದದ್ದು ಅವಳ ಊರಿನ ಜನ. ಹಲ್ಲು ಕಚ್ಚಿ, ವಿಮಾನವನ್ನು ನೇರ ಅವುಗಳ ನಡುವೆಯೇ ನುಗ್ಗಿಸಿದಳು. ಹನ್ನೆರಡೂ ಗಕ್ಕನೆ ತಿರುಗಿದವು. ಬಲೂನುಗಳ ಹಿಂದೆ ಸಾಲಾಗಿ ನಿಂತವು!

ಅವಳು ಎಡಕ್ಕೆ ಹೊರಳಿದರೆ ಸಾಮ್ರಾಜ್ಯವೂ ಎಡಕ್ಕೆ. ಅವಳು ಪಲ್ಟಿ ಹೊಡೆದರೆ ಸಾಮ್ರಾಜ್ಯವೂ ಪಲ್ಟಿ! ಕೊನೆಗೆ ಅವಳು ಇಳಿದಳು, ಹಿಂದೆಯೇ ಅವೂ ಇಳಿದವು. ಸಾಮ್ರಾಜ್ಯದ ದಳಪತಿ ಓಲಾಡುತ್ತ ಕೆಳಗಿಳಿದು, ಹೊಟ್ಟೆ ಹಿಡಿದುಕೊಂಡೇ ಸೆಲ್ಯೂಟ್ ಹೊಡೆದ.

ಮಂತ್ರಿಗಳು ಕುರ್ಚಿಯಡಿಯಿಂದ ಹೊರಬಂದು ಪಂಚೆ ಕೊಡವಿಕೊಂಡರು. "ಯಾರ್ರೀ ಅದು, ಪಡೆ ಮುಚ್ಚೋಣ ಅಂದೋರು?"

ತಿಪ್ಪಮ್ಮ ನಗಲಿಲ್ಲ. ಅವಳ ಕಣ್ಣು ತುಂಬಿತ್ತು, ಕತ್ತು ಮಾತ್ರ ನೆಟ್ಟಗೆ ನಿಂತಿತ್ತು.

ತೊಂದರೆ ಶುರುವಾದದ್ದು ಮರುದಿನ. ಯಂತ್ರ ಇನ್ನೂ ಆರಿರಲಿಲ್ಲ; ಸಾಮ್ರಾಜ್ಯದ ವಿಮಾನಗಳು ತಾವಾಗಿ ಹೊರಡಲು ಸುತರಾಂ ಒಪ್ಪಲಿಲ್ಲ! ತಿಪ್ಪಮ್ಮನೇ ಮುಂದೆ ಹಾರಿ, ಅಷ್ಟನ್ನೂ ಸಮುದ್ರ ದಾಟಿಸಿ ಅವರ ರಾಜಧಾನಿಗೆ ಮುಟ್ಟಿಸಿದಳು. ಅಲ್ಲಿನ ಜನ ಬೀದಿಗಿಳಿದು, ಮುಂದೆ ಹಾರುತ್ತಿದ್ದ ವಿಮಾನದ ಮೇಲಿನ ದುರ್ಗದ ಬಾವುಟಕ್ಕೆ ಟೋಪಿ ತೆಗೆದು ನಮಸ್ಕರಿಸಿದರು.

"ಒಪ್ಪಿಸಿದೆ ಕಣೋ, ಹೊರಟೆ," ಎಂದಳು ರೇಡಿಯೋದಲ್ಲಿ, ಹೆಮ್ಮೆಯಿಂದ.

ಆ ಕಡೆಯಿಂದ ಓಬಳೇಶ ಕೆಮ್ಮಿದ.

"ಸರಿ ಅಕ್ಕಾ. ಬರೋವಾಗ ಒಂಚೂರು ಹಿಂದೆ ನೋಡ್ಕೊಂಡು ಬಾ."